ಹುಟ್ಟುಗುರುಡನಾದ ಬಾಲಕನೂ ಶಸ್ತ್ರವೈದ್ಯನಾದ ವಿಲಿಯಂ ಚೆಸೆಲ್ಡನನೂ

ವಾಚಕರೇ, ನಾವು ಸಭೆಯವರ ಮನೆಗಳನ್ನು ಸಂದರ್ಶಿಸುವದಕ್ಕೋಸ್ಕರ ಹಳ್ಳಿಯಿಂದ ಹಳ್ಳಿಗೆ ಹೋಗುವಾಗ, ಬೇರೆ ಮಕ್ಕಳೆಲ್ಲರು ಅಂಗಳದಲ್ಲಿ ಆಡುತ್ತಿರಲಾಗಿ, ಜಗಲಿಯ ಮೂಲೆಯಲ್ಲಿ ಸುಮ್ಮನೆ ಕೂತಿರುವ ಒಂದು ಕೂಸನ್ನು ಒಮ್ಮೊಮ್ಮೆ ಕಂಡದ್ದುಂಟು. ಹತ್ತಿರ ಹೋಗಿ ನೋಡಿದರೆ ಅದರ ಕಣ್ಣಿನ ಪಾಪೆಯು ಕಪ್ಪಾಗಿರದೆ ಹಾಲಿನ ಹನಿಯಂತೆ ಬೆಳ್ಳಗಿರುವದು. ಇದು ಯಾವಾಗಿನಿಂದ ಹೀಗಿದೆ ಎಂದು ತಾಯಿಯನ್ನು ಕೇಳಿದರೆ, ಹುಟ್ಟಿದಂದಿನಿಂದಲೂ ಹೀಗೆಯೇ ಎಂದು ಹೇಳುವಳು. ಅಜ್ಜಿಯು ಇದು ಹಣೆಯ ಬರಹವೆನ್ನುವಳು. ನೆರೆಯವಳು ಸೊಪ್ಪಿನ ರಸ ಹಿಂಡಿರೆನ್ನುವಳು. ತಂದೆಯು ಮಗು ದೊಡ್ಡದಾದ ಮೇಲೆ ನೋಡೋಣವೆನ್ನುವನು. ಈ ಮೂರು ಮಾತುಗಳೂ ಕೆಟ್ಟವೇ. ಆದರೆ ಬುದ್ಧಿವಂತಿಕೆಯ ಮಾತಿನಂತೆ ತೋರುವ ಕಡೆಯ ಮಾತಿನಿಂದ ಆಗುವ ಹಾನಿಯು ಕಡಿಮೆಯಾದದ್ದಲ್ಲ. ಅದು ಹೇಗೆಂಬದನ್ನು ತಿಳಿಸುವದಕ್ಕಾಗಿ, ಇನ್ನೂರ ಎಪ್ಪತ್ತು ವರುಷಗಳ ಹಿಂದೆ ತೀರಿಹೋದ ಒಬ್ಬ ಶಸ್ತ್ರವೈದ್ಯನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯುತ್ತೇವೆ.

ವಿಲಿಯಂ ಚೆಸೆಲ್ಡನನು ಕ್ರಿ. ಶ. 1688ನೇ ಇಸವಿ ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡ್ ದೇಶದ ಲೆಸ್ಟರ್ ಸೀಮೆಯ ಸೋಮರ್ಬಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅಂದಿನ ಕಾಲದಲ್ಲಿ ಶಸ್ತ್ರವೈದ್ಯವನ್ನು ಕಲಿಯಬೇಕೆನ್ನುವವನು ವಿಶ್ವವಿದ್ಯಾಲಯಕ್ಕೆ ಹೋಗುತ್ತಿರಲಿಲ್ಲ. ಬಡಗಿಯ ಮಗನು ಬಡಗಿಯ ಬಳಿಯಲ್ಲಿ ನಿಂತು ಕೆಲಸ ಕಲಿಯುವ ಹಾಗೆ, ಹುಡುಗನು ಒಬ್ಬ ಶಸ್ತ್ರವೈದ್ಯನ ಮನೆಯಲ್ಲಿ ಶಿಷ್ಯನಾಗಿ ವಾಸಮಾಡಿ ಕೈಕೆಲಸವನ್ನು ಕಲಿಯುತ್ತಿದ್ದನು. ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘಕ್ಕೆ ಸೇರಿದವರಾಗಿದ್ದರು. ಚೆಸೆಲ್ಡನನು ಹದಿನೈದು ವರುಷದ ಪ್ರಾಯದಲ್ಲಿ ಲಂಡನಿಗೆ ಬಂದು, ದೇಹದ ರಚನೆಯನ್ನು ಚೆನ್ನಾಗಿ ಬಲ್ಲವನಾದ ವಿಲಿಯಂ ಕೌಪರನಿಂದಲೂ, ಸಂತ ತೋಮನ ಆಸ್ಪತ್ರೆಯ ಶಸ್ತ್ರವೈದ್ಯನಾದ ಜೇಮ್ಸ್ ಫರ್ನನಿಂದಲೂ ವಿದ್ಯೆಯನ್ನು ಸಂಪಾದಿಸಿದನು.

ತಾನು ಕಲಿತದ್ದನ್ನು ಬಚ್ಚಿಟ್ಟುಕೊಳ್ಳುವದು ಈತನ ಸ್ವಭಾವವಾಗಿರಲಿಲ್ಲ. 1711ರಲ್ಲಿಯೇ, ಅಂದರೆ ಇಪ್ಪತ್ತಮೂರು ವರುಷ ತುಂಬುವದರೊಳಗೆ, ದೇಹರಚನೆಯ ವಿಷಯವಾಗಿ ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದನು. 1713ರಲ್ಲಿ ಮನುಷ್ಯದೇಹದ ರಚನೆಯ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಪಂಡಿತರು ಇಂಥ ವಿಷಯಗಳನ್ನು ಲತೀನ್ ಭಾಷೆಯಲ್ಲಿ ಬರೆಯುವದು ವಾಡಿಕೆಯಾಗಿದ್ದರೂ ಈತನು ತನ್ನ ದೇಶದವರ ಮಾತಾದ ಇಂಗ್ಲೀಷಿನಲ್ಲಿ ಬರೆದದ್ದರಿಂದ, ಆ ಪುಸ್ತಕವು ಹೆಚ್ಚುಕಡಿಮೆ ನೂರು ವರುಷಗಳ ವರೆಗೆ ವಿದ್ಯಾರ್ಥಿಗಳ ಕೈಯಲ್ಲಿತ್ತು. 1733ರಲ್ಲಿ ಎಲುಬುಗಳ ವಿಷಯವಾಗಿ ಇನ್ನೊಂದು ದೊಡ್ಡ ಗ್ರಂಥವನ್ನು ಹೊರಡಿಸಿದನು. ಅದರ ಚಿತ್ರಗಳು ತಪ್ಪಿಲ್ಲದೆ ಇರಬೇಕೆಂದು, ಕತ್ತಲೆಪೆಟ್ಟಿಗೆಯೊಳಗೆ ಬಿಂಬವನ್ನು ಬೀಳಿಸಿ ಅದರ ಗೆರೆಗಳನ್ನೇ ಅನುಸರಿಸಿ ಬರೆಯುವ ಉಪಾಯವನ್ನು ಮಾಡಿದನು. ಆ ಗ್ರಂಥವು ಹಣವನ್ನು ತರಲಿಲ್ಲ. ಆದರೂ ಅದರ ಚಿತ್ರಗಳನ್ನು ಇಂದಿಗೂ ಬಲ್ಲವರು ಮೆಚ್ಚುತ್ತಾರೆ.

1719ರಲ್ಲಿ ಈತನು ಸಂತ ತೋಮನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾದನು. ಆ ದಿನಗಳಲ್ಲಿ ಮೂತ್ರಕೋಶದ ಕಲ್ಲಿನ ರೋಗವು ದೊಡ್ಡವರನ್ನೂ ಮಕ್ಕಳನ್ನೂ ಬಹಳವಾಗಿ ಬಾಧಿಸುತ್ತಿತ್ತು. ಅದನ್ನು ಹೊಟ್ಟೆಯ ಕೆಳಭಾಗದಿಂದ ಕೊಯ್ದು ತೆಗೆಯುವ ಒಂದು ರೀತಿಯನ್ನು ಚೆಸೆಲ್ಡನನು ಮೊದಲು ಅಭ್ಯಾಸ ಮಾಡಿ, 1723ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದನು. ಆದರೆ ಅನುಭವ ಹೆಚ್ಚಿದ ಹಾಗೆ ಅದರಲ್ಲಿ ಅಪಾಯವುಂಟೆಂದು ಕಂಡು, ತಾನೇ ಹೊಗಳಿದ ರೀತಿಯನ್ನು ತಾನೇ ಬಿಟ್ಟುಬಿಟ್ಟು, 1727ರಿಂದ ಪಕ್ಕದಿಂದ ಕೊಯ್ಯುವ ಬೇರೆ ರೀತಿಯನ್ನು ಹಿಡಿದನು. ಈ ಹೊಸ ರೀತಿಯಿಂದ ಆಸ್ಪತ್ರೆಯಲ್ಲಿ 213 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದನು. ಅವರಲ್ಲಿ ಬಹು ಮಂದಿ ಮಕ್ಕಳು. ಸತ್ತವರು 20 ಮಂದಿ ಮಾತ್ರ. ಈ ಕಾಲದವರಿಗೆ ಇದು ಹೆಚ್ಚಾಗಿ ತೋರೀತು. ಆ ಕಾಲದವರು ಇದನ್ನು ಕೇಳಿ ಬೆರಗಾದರು. ತಾನು ಬರೆದ ಪುಸ್ತಕವು ಇನ್ನೂ ಅಂಗಡಿಯಲ್ಲಿರುವಾಗಲೇ ಅದರ ಮಾತನ್ನು ತಾನೇ ಮೀರುವದಕ್ಕೆ ಎಷ್ಟು ಧೈರ್ಯ ಬೇಕೆಂಬದನ್ನು ವಾಚಕರು ಯೋಚಿಸಲಿ.

ಈತನ ಕೈ ಬಹು ಚುರುಕಾದದ್ದು. ಕಲ್ಲನ್ನು ಒಂದು ನಿಮಿಷದಷ್ಟು ಹೊತ್ತಿನಲ್ಲಿ ತೆಗೆಯುತ್ತಿದ್ದನೆಂದು ಪ್ರಸಿದ್ಧಿ. ಅದು ಆಡಂಬರಕ್ಕಾಗಿ ಮಾಡಿದ್ದಲ್ಲ. ನೋವು ತಿಳಿಯದ ಹಾಗೆ ಮಾಡುವ ಈಥರ್ ಔಷಧವು ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂದದ್ದು 1846ರಲ್ಲಿ. ಕಣ್ಣನ್ನು ಜೋಮು ಹಿಡಿಸುವ ಔಷಧವು ಸಿಕ್ಕಿದ್ದು 1884ರಲ್ಲಿ. ಅಲ್ಲಿಯ ವರೆಗೆ ರೋಗಿಯು ಎಚ್ಚರವಾಗಿದ್ದುಕೊಂಡೇ ಕತ್ತಿಯನ್ನು ಸಹಿಸಬೇಕಾಗಿತ್ತು. ಆದಕಾರಣ ಕೈ ಚುರುಕಾಗಿರುವದೇ ವೈದ್ಯನ ದಯೆಯಾಗಿತ್ತು. ಶಸ್ತ್ರವನ್ನು ಹಿಡಿಯುವದಕ್ಕೆ ಮುಂಚೆ ತನಗೆ ಆಗುತ್ತಿದ್ದಷ್ಟು ಕಳವಳವೂ ಸಂಕಟವೂ ಬೇರೆ ಯಾರಿಗೂ ಆಗಿರಲಾರದೆಂದು ಚೆಸೆಲ್ಡನನೇ ಒಪ್ಪಿಕೊಂಡಿದ್ದಾನೆ. ಆದರೆ ಕೆಲಸವನ್ನು ಆರಂಭಿಸಿದ ಕೂಡಲೇ ಆ ಕಳವಳವೆಲ್ಲ ಅಡಗಿ ಕೈ ಸ್ಥಿರವಾಗುತ್ತಿತ್ತಂತೆ. ಹೆದರಿಕೆ ಇಲ್ಲದವನೇ ಧೈರ್ಯಶಾಲಿ ಎಂದು ನಾವು ಎಣಿಸುತ್ತೇವೆ. ಹಾಗಲ್ಲ, ಮತ್ತೊಬ್ಬರ ನೋವನ್ನು ಮುಂದಾಗಿ ತನ್ನೊಳಗೆ ಅನುಭವಿಸಿ, ಆದರೂ ಮಾಡಬೇಕಾದದ್ದನ್ನು ಮಾಡುವವನು ಧೈರ್ಯಶಾಲಿ.

ಈಗ ಈ ಚರಿತ್ರೆಯ ಮುಖ್ಯ ಸಂಗತಿಗೆ ಬರುತ್ತೇವೆ. ಹದಿಮೂರು ಹದಿನಾಲ್ಕು ವರುಷ ಪ್ರಾಯದ ಒಬ್ಬ ಹುಡುಗನನ್ನು ಚೆಸೆಲ್ಡನನ ಬಳಿಗೆ ತಂದರು. ಅವನು ಹುಟ್ಟುಗುರುಡನು, ಇಲ್ಲವೆ ದೃಷ್ಟಿಯ ನೆನಪೇ ಇಲ್ಲದಷ್ಟು ಎಳೆಯತನದಲ್ಲಿ ಅದನ್ನು ಕಳಕೊಂಡವನು. ಅವನ ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದಿತ್ತು. ಕಣ್ಣಿನ ಪಾಪೆಯ ಹಿಂದೆ ಹರಳಿನಂತೆ ಸ್ವಚ್ಛವಾದ ಒಂದು ಮಸೂರವಿದೆ. ಬೆಳಕು ಅದರ ಮೂಲಕ ಹಾದು ಹಿಂದಿನ ಅಕ್ಷಿಪಟದ ಮೇಲೆ ಬೀಳುತ್ತದೆ. ಆ ಮಸೂರವು ಮಬ್ಬಾದರೆ ಅದೇ ಪೊರೆ. ಆದರೆ ಕುರುಡರಾದವರಿಗೆಲ್ಲಾ ಪೊರೆಯೊಂದೇ ಕಾರಣವಲ್ಲ. ಹಿಂದಿನ ಅಕ್ಷಿಪಟವೇ ಸತ್ತಿದ್ದರೆ ಪೊರೆಯನ್ನು ತೆಗೆದರೂ ಫಲವಿಲ್ಲ. ಮುಚ್ಚಿದ ಕಿಟಕಿಯನ್ನು ತೆರೆದರೂ ಮನೆಯೊಳಗೆ ಯಾರೂ ಇಲ್ಲದಂತಾಗುವದು.

ಆದಕಾರಣ ರೋಗವನ್ನು ಗುರುತಿಸುವದೇ ಮೊದಲನೆಯ ಕೆಲಸವಾಗಿತ್ತು. ಆ ಹುಡುಗನಿಗೆ ಹಗಲು ಯಾವದು ರಾತ್ರಿ ಯಾವದು ಎಂದು ತಿಳಿಯುತ್ತಿತ್ತು. ಒಳ್ಳೇ ಬೆಳಕಿನಲ್ಲಿ ಕಪ್ಪು, ಬಿಳುಪು, ಕಡುಗೆಂಪು ಈ ಮೂರು ಬಣ್ಣಗಳನ್ನು ಹೇಗೋ ಬೇರ್ಪಡಿಸಬಲ್ಲವನಾಗಿದ್ದನು. ವಸ್ತುಗಳ ಆಕಾರ ಮಾತ್ರ ತಿಳಿಯುತ್ತಿರಲಿಲ್ಲ. ಮಬ್ಬು ಗಾಜಿನ ಹಿಂದೆ ಕೂತವನಿಗೂ ಬೆಳಕೂ ಬಣ್ಣವೂ ತಿಳಿಯುವದಷ್ಟೇ. ಹೀಗಿರಲಾಗಿ ಒಳಗಿನ ಅಕ್ಷಿಪಟವು ಜೀವದಿಂದಿದೆ, ಅಡ್ಡಿಯಾಗಿರುವದು ಪೊರೆಯೇ ಎಂಬದಕ್ಕೆ ಒಳ್ಳೇ ಸಾಕ್ಷಿಯುಂಟಾಯಿತು.

ಹುಡುಗನಿಗಾದರೋ ಚಿಕಿತ್ಸೆಯಲ್ಲಿ ಅಷ್ಟು ಆಶೆ ಇರಲಿಲ್ಲ. ಓದುಬರಹ ಕಲಿಯುವದೊಂದನ್ನು ಬಿಟ್ಟರೆ, ಆ ನೋವನ್ನು ಸಹಿಸುವಷ್ಟು ಲಾಭ ಕಣ್ಣಿನಿಂದೇನು ಎಂದು ಅವನು ನೆನಸಿದನು. ತೋಟದಲ್ಲಿ ಅವನು ಎಡವದೆ ತಿರುಗುತ್ತಿದ್ದನು. ಹೊರಗಿನ ಬೈಲಿನಲ್ಲಿ ತಿರುಗಿದರೆ ಅದಕ್ಕಿಂತ ಹೆಚ್ಚಿನ ಸಂತೋಷವೇನು ಸಿಕ್ಕೀತು? ಕತ್ತಲೆಯಲ್ಲಿ ನಡೆಯುವದರಲ್ಲಿ ಕಣ್ಣುಳ್ಳವರಿಗಿಂತ ತಾನೇ ಮೇಲೆಂಬ ಹೆಮ್ಮೆಯೂ ಅವನಿಗಿತ್ತು. ಕಾಣದವನಿಗೆ ತಾನು ಏನನ್ನು ಕಳಕೊಂಡಿದ್ದೇನೆಂಬದೂ ಕಾಣದು. ಆದಕಾರಣ ಮಕ್ಕಳ ವಿಷಯದಲ್ಲಿ ತೀರ್ಮಾನವನ್ನು ಹಿರಿಯರೇ ಮಾಡಬೇಕಾಗುತ್ತದೆ.

ಚೆಸೆಲ್ಡನನು ಒಂದು ಕಣ್ಣಿಗೆ ಮಾತ್ರ ಮೊದಲು ಚಿಕಿತ್ಸೆ ಮಾಡಿದನು. ಕಣ್ಣಿನ ಬಿಳಿಯ ಭಾಗದಲ್ಲಿ ಸೂಜಿಯನ್ನು ತೂರಿಸಿ, ಮಬ್ಬಾದ ಮಸೂರವನ್ನು ಪಾಪೆಯ ಎದುರಿನಿಂದ ಕೆಳಕ್ಕೆ ದಬ್ಬುವದೇ ಆ ಕಾಲದ ರೀತಿ. ಇದು ಬಹು ಪುರಾತನವಾದದ್ದು. ನಮ್ಮ ಭರತಖಂಡದ ಸುಶ್ರುತಸಂಹಿತೆಯಲ್ಲಿಯೂ ಪೊರೆಗೆ ಇಂಥ ಚಿಕಿತ್ಸೆಯು ವಿವರಿಸಲ್ಪಟ್ಟಿದೆ. ಕಣ್ಣಿಗೆ ಉರಿಯೂತ ಹತ್ತಿ ದೃಷ್ಟಿಯು ಪೂರ್ತಿಯಾಗಿ ಹೋಗುವ ಭಯವು ಅದರಲ್ಲಿ ಯಾವಾಗಲೂ ಇತ್ತು. ಈ ಸಾರಿ ಹಾಗಾಗಲಿಲ್ಲ. ಹುಡುಗನ ಕಣ್ಣಿಗೆ ಬೆಳಕು ಬಂತು.

ಅವನು ಕಣ್ಣು ತೆರೆದಾಕ್ಷಣವೇ ಎಲ್ಲವನ್ನು ನಮ್ಮ ಹಾಗೆ ಕಂಡನೆಂದು ವಾಚಕರು ನೆನಸಬಹುದು. ಸುವಾರ್ತೆಯಲ್ಲಿ ಹುಟ್ಟುಗುರುಡನು ಕೊಳದಲ್ಲಿ ತೊಳಕೊಂಡು ಕಣ್ಣುಳ್ಳವನಾಗಿ ಬಂದ ಸಂಗತಿಯನ್ನು ನಾವು ಓದಿದವರಲ್ಲವೇ. ಆದರೆ ಮನುಷ್ಯನ ಸೂಜಿಯಿಂದ ತೆರೆದ ಕಣ್ಣು ಹಾಗೆ ಒಮ್ಮೆಲೇ ನೋಡಲು ಕಲಿಯಲಿಲ್ಲ. ಚರ್ಮಕ್ಕೆ ವಸ್ತು ತಾಕುವಂತೆ ಎಲ್ಲಾ ವಸ್ತುಗಳೂ ತನ್ನ ಕಣ್ಣಿಗೇ ತಾಕಿಕೊಂಡಿವೆ ಎಂದು ಅವನಿಗೆ ತೋರಿತು. ದೂರ ಯಾವದು ಹತ್ತಿರ ಯಾವದು ತಿಳಿಯಲಿಲ್ಲ. ಕಂಡದ್ದೆಲ್ಲಾ ಬಹು ದೊಡ್ಡದಾಗಿ ತೋರಿತು. ತಾನಿದ್ದ ಕೋಣೆಯು ಮನೆಯ ಒಂದು ಭಾಗವೇ ಎಂದು ಬಲ್ಲವನಾಗಿದ್ದರೂ, ಇಡೀ ಮನೆಯು ಕೋಣೆಗಿಂತ ದೊಡ್ಡದಾಗಿ ಹೇಗೆ ಕಂಡೀತೆಂಬದು ಅವನ ಮನಸ್ಸಿಗೆ ಹತ್ತಲಿಲ್ಲ. ಬಣ್ಣಗಳಲ್ಲಿ ಕಡುಗೆಂಪು ಅವನಿಗೆ ಬಹಳ ಅಂದವಾಗಿ ತೋರಿತು. ಕಣ್ಣುಗುಡ್ಡೆಯನ್ನು ಬೇಕಾದ ಕಡೆಗೆ ತಿರುಗಿಸುವದನ್ನೂ ಅವನು ಮೆಲ್ಲಮೆಲ್ಲನೆ ಕಲಿಯಬೇಕಾಯಿತು.

ಒಂದು ವಸ್ತುವಿನ ಹೆಸರನ್ನು ತಿಳಿಸಿದರೆ ನೆನಪಿಟ್ಟುಕೊಳ್ಳುವೆನೆಂದು ಜಾಗ್ರತೆಯಾಗಿ ನೋಡುವನು. ಆದರೆ ಒಂದೇ ದಿನದಲ್ಲಿ ಕಲಿಯಬೇಕಾದವುಗಳು ಅಷ್ಟು ಬಹಳವಾದದ್ದರಿಂದ ಸಾವಿರವನ್ನು ಕಲಿತು ಸಾವಿರವನ್ನು ಮರೆಯುವನು. ಮನೆಯಲ್ಲಿದ್ದ ಬೆಕ್ಕು ಯಾವದು ನಾಯಿ ಯಾವದು ಎಂಬದನ್ನು ಎಷ್ಟೋ ಸಾರಿ ಮರೆತು, ಪುನಃ ಕೇಳುವದಕ್ಕೆ ನಾಚಿದನು. ಒಂದು ದಿವಸ ಬೆಕ್ಕನ್ನು ಹಿಡಿದು, ಕೈಯಿಂದ ತಡವಿ ಬೆಕ್ಕೇ ಎಂದು ನಿಶ್ಚಯಮಾಡಿಕೊಂಡು, ಬಹಳ ಹೊತ್ತು ಅದರ ಮುಖವನ್ನೇ ದೃಷ್ಟಿಸಿ ನೋಡಿ, ಇನ್ನು ಮೇಲೆ ನಿನ್ನ ಗುರುತು ತಪ್ಪಲಾರದೆಂದು ಅದಕ್ಕೆ ಹೇಳಿ ಕೆಳಗೆ ಬಿಟ್ಟನು.

ಚಿತ್ರಪಟಗಳು ಅವನಿಗೆ ಮೊದಲು ಬಣ್ಣ ಬಳಿದ ಹಲಿಗೆಗಳಂತೆಯೇ ತೋರಿದವು. ಸುಮಾರು ಎರಡು ತಿಂಗಳು ಕಳೆದ ಮೇಲೆ, ಇವು ಉಬ್ಬುತಗ್ಗುಳ್ಳ ದೇಹಗಳನ್ನು ಸೂಚಿಸುತ್ತವೆಂದು ಒಮ್ಮೆಲೇ ತಿಳಿಯಿತು. ಆಗ ಕೈಯಿಂದ ಮುಟ್ಟಿ ನೋಡಿದನು. ಎಲ್ಲಾ ಸಮವಾಗಿಯೇ ಇತ್ತು. ಸುಳ್ಳು ಹೇಳುವದು ಕಣ್ಣೋ ಕೈಯೋ ಎಂದು ಅವನು ಬೆರಗಾಗಿ ಕೇಳಿದನು. ತಾಯಿಯ ಗಡಿಯಾರದೊಳಗಿನ ತಂದೆಯ ಸಣ್ಣ ಚಿತ್ರವನ್ನು ತೋರಿಸಿದಾಗ ಅದು ತಂದೆಯೆಂದು ಒಪ್ಪಿದನು. ಆದರೆ ಅಷ್ಟು ದೊಡ್ಡ ಮುಖವು ಇಷ್ಟು ಸಣ್ಣ ಸ್ಥಳದಲ್ಲಿ ಹಿಡಿಯುವದು, ಖಂಡುಗದ ಭತ್ತವು ಸೇರಿನಲ್ಲಿ ಹಿಡಿದಷ್ಟೇ ಆಶ್ಚರ್ಯವಾಗಿ ತೋರಿತು.

ಹೀಗೆ ದಿನದಿನವೂ ಅವನ ಸಂತೋಷವು ಹೆಚ್ಚಿತು. ಚೆಸೆಲ್ಡನನನ್ನು ಕಂಡಾಗಲೆಲ್ಲಾ ಉಪಕಾರಸ್ಮರಣೆಯಿಂದ ಕಣ್ಣೀರು ಸುರಿಸುವನು. ಬರುವೆನೆಂದ ವೇಳೆಗೆ ವೈದ್ಯನು ಬಾರದೆ ಹೋದರೆ ದುಃಖ ತಾಳಲಾರದೆ ಅಳುವನು. ಒಂದು ವರುಷಕ್ಕೆ ಮೇಲ್ಪಟ್ಟು ಎಪ್ಸಮ್ ಎಂಬಲ್ಲಿಯ ವಿಸ್ತಾರವಾದ ಹುಲ್ಲುಗುಡ್ಡಗಳಿಗೆ ಅವನನ್ನು ಕರಕೊಂಡು ಹೋದಾಗ, ಆ ದೂರದ ನೋಟವನ್ನು ಕಂಡು ಇದು ಹೊಸ ತರದ ದೃಷ್ಟಿಯೇ ಎಂದು ಆನಂದಪಟ್ಟನು. ತೋಟದ ಬೇಲಿಯ ಹೊರಗೆ ತನಗೇನಿದೆ ಎಂದಿದ್ದ ಹುಡುಗನೇ ಇವನು. ತರುವಾಯ ಎರಡನೆಯ ಕಣ್ಣಿಗೂ ಚಿಕಿತ್ಸೆ ನಡೆಯಿತು, ಅದೂ ಸಫಲವಾಯಿತು.

ಚೆಸೆಲ್ಡನನು ಇದೆಲ್ಲವನ್ನು ಲಂಡನಿನ ರಾಯಲ್ ಸೊಸೈಟಿ ಎಂಬ ಪಂಡಿತರ ಸಂಘದ ಪತ್ರಿಕೆಯಲ್ಲಿ 1728ರಲ್ಲಿ ಕೆಲವೇ ಪುಟಗಳಲ್ಲಿ ಬರೆದನು. ಆ ಪುಟಗಳು ಯುರೋಪಿನಲ್ಲೆಲ್ಲಾ ಓದಲ್ಪಟ್ಟವು. ಯಾಕಂದರೆ ಡಬ್ಲಿನ್ ಪಟ್ಟಣದ ವಿಲಿಯಂ ಮೊಲಿನ್ಯೂ ಎಂಬವನು ಅದಕ್ಕೆ ನಾಲ್ವತ್ತು ವರುಷಗಳ ಹಿಂದೆ, 1688ರಲ್ಲಿ, ಜಾನ್ ಲಾಕ್ ಎಂಬ ತತ್ವಜ್ಞಾನಿಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದನು. ಗುಂಡನ್ನೂ ಘನಚೌಕವನ್ನೂ ಕೈಯಿಂದ ತಡವಿ ಗುರುತಿಸುವ ಹುಟ್ಟುಗುರುಡನಿಗೆ ಕಣ್ಣು ಬಂದರೆ, ಮುಟ್ಟದೆ ನೋಡಿಯೇ ಇದು ಗುಂಡು ಇದು ಚೌಕವೆಂದು ಹೇಳಬಲ್ಲನೋ? ಇದು ಬರೀ ಪಂಡಿತರ ಆಟವಲ್ಲ. ಮೊಲಿನ್ಯೂವಿನ ಹೆಂಡತಿಯು ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಕಣ್ಣು ಕಳಕೊಂಡವಳು. ಚೆಸೆಲ್ಡನನ ಹುಡುಗನ ಬೆಕ್ಕೇ ಆ ಪ್ರಶ್ನೆಗೆ ಉತ್ತರವೆಂದು ಅನೇಕರು ಹೇಳಿದರು. ನಮ್ಮ ಕಾಲದಲ್ಲಿ ಪವನ್ ಸಿನ್ಹಾ ಎಂಬ ವಿಜ್ಞಾನಿಯೂ ಆತನ ಜೊತೆಯವರೂ ಉತ್ತರ ಭಾರತದಲ್ಲಿ ಚಿಕಿತ್ಸೆಯಿಂದ ದೃಷ್ಟಿ ಪಡೆದ ಐದು ಮಂದಿ ಮಕ್ಕಳನ್ನು ಇದೇ ರೀತಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಆ ಮಕ್ಕಳೂ ಮೊದಲು ಕೈಯಿಂದ ತಿಳಿದದ್ದನ್ನು ಕಣ್ಣಿನಿಂದ ಗುರುತಿಸಲಾರದೆ ಹೋದರು. ಆದರೆ ಕೆಲವು ದಿನಗಳಲ್ಲಿಯೇ ಕಲಿತುಕೊಂಡರು.

ಚೆಸೆಲ್ಡನನು ಇನ್ನೊಂದು ತರದ ಕುರುಡಿಗೂ ಉಪಾಯ ಕಂಡುಹಿಡಿದನು. ಕೆಲವರಲ್ಲಿ ಪಾಪೆಯೇ ಮುಚ್ಚಿಹೋಗುವದುಂಟು. ಒಂದೇ ಬದಿಗೆ ಬಾಯಿಯುಳ್ಳ ಸಣ್ಣ ಸೂಜಿಕತ್ತಿಯಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಸೀಳಿ, ಹೊಸ ಪಾಪೆಯನ್ನು ಮಾಡುವ ರೀತಿಯನ್ನೂ ಅದೇ ಸಮಯದಲ್ಲಿ ವಿವರಿಸಿ ಬರೆದನು.

ಈತನಲ್ಲಿ ದೋಷವೇ ಇರಲಿಲ್ಲವೆಂದು ನಾವು ಬರೆಯುವದಿಲ್ಲ. ಕಿವಿಯ ತಮಟೆಯ ಉಪಯೋಗವನ್ನು ತಿಳಿಯಬೇಕೆಂದು, ಮರಣದಂಡನೆ ಹೊಂದಿದ ಒಬ್ಬ ಸೆರೆಯವನಿಗೆ ಕ್ಷಮೆ ಕೊಡಿಸಿ ಅವನ ಕಿವಿಯ ಮೇಲೆ ಪರೀಕ್ಷೆ ಮಾಡುವದಕ್ಕೆ ಈತನು ಒಪ್ಪಿಕೊಂಡಿದ್ದನು. ಜನರು ಇದು ಕ್ರೂರವೆಂದು ಕೂಗಿಕೊಂಡದ್ದರಿಂದ ಅದು ನಡೆಯಲಿಲ್ಲ. ಜ್ಞಾನದ ಆಶೆಯು ಒಳ್ಳೆಯವನನ್ನೂ ಒಮ್ಮೊಮ್ಮೆ ದಾರಿ ತಪ್ಪಿಸಬಲ್ಲದು. ರಾಣಿ ಕ್ಯಾರೊಲೈನಳ ಶಸ್ತ್ರವೈದ್ಯನಾಗಿದ್ದ ಈತನಿಗೆ ಅರಮನೆಯ ದಯೆ ತಪ್ಪಿಹೋದದ್ದಕ್ಕೆ ಇದೇ ಕಾರಣವೆಂದು ಹೇಳುತ್ತಾರೆ.

ಚೆಸೆಲ್ಡನನು ನ್ಯೂಟನ್ ಪಂಡಿತನ ಕಡೇ ಕಾಯಿಲೆಯಲ್ಲಿ ಉಪಚರಿಸಿದವರಲ್ಲಿ ಒಬ್ಬನು. ಕವಿ ಪೋಪನ ಸ್ನೇಹಿತನು. ತೇಮ್ಸ್ ನದಿಗೆ ಪಟ್ನಿಯಲ್ಲಿ 1729ರಲ್ಲಿ ಕಟ್ಟಿದ ಮರದ ಸೇತುವೆಯ ನಕ್ಷೆಯಲ್ಲಿಯೂ ಈತನ ಕೈಯಿತ್ತು. 1737ರಲ್ಲಿ ಮುದಿ ಸಿಪಾಯಿಗಳಿಗಾಗಿ ಇದ್ದ ಚೆಲ್ಸಿಯ ಆಸ್ಪತ್ರೆಗೆ ಶಸ್ತ್ರವೈದ್ಯನಾಗಿ ಹೋದನು. 1745ರಲ್ಲಿ ಶಸ್ತ್ರವೈದ್ಯರು ಕ್ಷೌರಿಕರಿಂದ ಬೇರೆಯಾಗಿ ಸ್ವಂತ ಸಂಘವನ್ನು ಕಟ್ಟಿದ್ದರಲ್ಲಿ ಈತನು ಮುಂದಾಳಾಗಿದ್ದನು. 1752ನೇ ಇಸವಿ ಏಪ್ರಿಲ್ 10ರಲ್ಲಿ ಬಾತ್ ಪಟ್ಟಣದಲ್ಲಿ ತೀರಿಹೋದನು. ದೇಹವನ್ನು ಚೆಲ್ಸಿಯಲ್ಲಿ ಹೂಣಿಟ್ಟರು. ಅಷ್ಟರಲ್ಲಿಯೇ ಫ್ರಾನ್ಸಿನ ಜಾಕ್ ದವಿಯೆಲ್ ಎಂಬವನು ಪೊರೆಯನ್ನು ಕೆಳಗೆ ದಬ್ಬದೆ ಹೊರಗೆ ತೆಗೆಯುವ ರೀತಿಯನ್ನು ಆರಂಭಿಸಿದ್ದನು.

ವಾಚಕರೇ, ಆ ಹುಡುಗನು ಹದಿಮೂರು ವರುಷ ಕಾದದ್ದು ಬೇರೆ ದಾರಿ ಇಲ್ಲದ ಕಾಲದಲ್ಲಿ. ನಮ್ಮ ಮಕ್ಕಳು ಕಾಯಬೇಕಾದದ್ದಿಲ್ಲ, ಕಾಯಲೂ ಬಾರದು. ನೋಡುವದನ್ನು ಕಲಿಯುವದು ಕಣ್ಣಲ್ಲ, ಮಿದುಳು. ಅದು ಕಲಿಯುವ ಕಾಲವು ಎಳೆಯತನವೇ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲಿನ ತಿಂಗಳುಗಳಲ್ಲಿ ಮುಚ್ಚಿಟ್ಟು ಪರೀಕ್ಷಿಸಿದಾಗ, ಆಮೇಲೆ ಕಣ್ಣನ್ನು ತೆರೆದರೂ ಮಿದುಳು ಅದನ್ನು ಸರಿಯಾಗಿ ಅಂಗೀಕರಿಸಲಿಲ್ಲ. ಅವರಿಗೆ 1981ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆದಕಾರಣ ಹುಟ್ಟುವಾಗಲೇ ದಟ್ಟವಾದ ಪೊರೆ ಇರುವ ಕೂಸಿಗೆ ಕೆಲವೇ ವಾರಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ತಡವಾಗಿ ತಂದವರಿಗೂ ಸ್ವಲ್ಪ ದೃಷ್ಟಿ ಸಿಕ್ಕೀತು. ಆದರೆ ತುಂಬಾ ದೃಷ್ಟಿ ಸಿಕ್ಕುವದು ಬೇಗನೆ ತಂದವರಿಗೆ. ಚಿಕಿತ್ಸೆಯಾದ ಮೇಲೆಯೂ ಕನ್ನಡಕ ಹಾಕಿಸುವದು, ಬಲವಾದ ಕಣ್ಣಿಗೆ ದಿನಕ್ಕೆ ಕೆಲವು ತಾಸು ಪಟ್ಟಿ ಕಟ್ಟಿ ಬಲಹೀನವಾದದ್ದನ್ನು ದುಡಿಸುವದು, ಹೇಳಿದ ದಿನಕ್ಕೆ ತಪ್ಪದೆ ತೋರಿಸುವದು ಇವೆಲ್ಲಾ ತಂದೆತಾಯಿಗಳ ಕೆಲಸ.

ತಾಯಂದಿರು ನೋಡಬೇಕಾದ ಗುರುತುಗಳು ಇವು. ಮೂರು ತಿಂಗಳಾದರೂ ಕೂಸು ತಾಯಿಯ ಮುಖವನ್ನು ನೋಡಿ ಹಿಂಬಾಲಿಸದಿದ್ದರೆ, ಕಣ್ಣುಗುಡ್ಡೆಗಳು ನಿಲ್ಲದೆ ಅತ್ತಿತ್ತ ಅಲೆದಾಡಿದರೆ, ಒಂದು ಕಣ್ಣು ಮೆಳ್ಳೆಯಾದರೆ, ಬೆಳಕನ್ನು ತಾಳಲಾರದೆ ನೀರು ಸುರಿಸಿದರೆ, ಪಾಪೆಯಲ್ಲಿ ಬಿಳುಪು ಮಿಂಚಿದರೆ, ತಡಮಾಡಬಾರದು. ಪಾಪೆಯ ಬಿಳುಪಿಗೆ ಪೊರೆ ಮಾತ್ರವಲ್ಲ, ಪ್ರಾಣಕ್ಕೇ ಅಪಾಯವಾದ ಕಣ್ಣಿನ ಗಡ್ಡೆಯೂ ಕಾರಣವಾಗಬಹುದು. ವೈದ್ಯನು ದೀಪದ ಬೆಳಕನ್ನು ಪಾಪೆಯೊಳಗೆ ಹಾಯಿಸಿ ನೋಡುತ್ತಾನೆ. ಆರೋಗ್ಯವುಳ್ಳ ಕಣ್ಣು ಒಳಗಿನಿಂದ ಕೆಂಪಾಗಿ ಹೊಳೆಯುವದು, ಪೊರೆಯುಳ್ಳದ್ದು ಹಾಗೆ ಹೊಳೆಯದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕಬೇಕಾದ ದೋಷಗಳ ಪಟ್ಟಿಯಲ್ಲಿ ಹುಟ್ಟುಪೊರೆಯೂ ಸೇರಿದೆ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ದಾರಿ ತೋರಿಸುವಳು. ಗರ್ಭಿಣಿಗೆ ರುಬೆಲ್ಲಾ ಎಂಬ ಜ್ವರ ತಗಲಿದರೆ ಕೂಸು ಪೊರೆಯೊಂದಿಗೆ ಹುಟ್ಟಬಹುದು. ಅದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ನಮ್ಮ ಕರ್ನಾಟಕದಲ್ಲಿ 2017ರಲ್ಲಿ ನಡೆಯಿತು. ಮಕ್ಕಳಿಗೆ ಆ ಚುಚ್ಚುಮದ್ದನ್ನು ಹಾಕಿಸದೆ ಬಿಡಬೇಡಿರಿ. ಸೊಪ್ಪಿನ ರಸವನ್ನಾದರೋ ಕೂಸಿನ ಕಣ್ಣಿಗೆ ಹಿಂಡಲೇ ಬೇಡಿರಿ.

ಸೂಜಿಯನ್ನು ಹಿಡಿಯುವದಕ್ಕೆ ಮುಂಚೆ ಚೆಸೆಲ್ಡನನಿಗೆ ಕಳವಳವಿತ್ತು. ಮಗುವನ್ನು ಆಸ್ಪತ್ರೆಗೆ ಒಯ್ಯುವದಕ್ಕೆ ಮುಂಚೆ ನಮಗೂ ಕಳವಳವಾಗುವದು ಸಹಜವೇ. ಆತನು ಅದನ್ನು ಮೀರಿ ಕೈಯಿಟ್ಟದ್ದರಿಂದ ಒಬ್ಬ ಹುಡುಗನು ಗುಡ್ಡದ ಮೇಲೆ ನಿಂತು ದೂರದ ನೋಟವನ್ನು ಕಂಡನು. ಈ ತಿಂಗಳು ನಿಮ್ಮ ಕೇರಿಯಲ್ಲಿ ಜಗಲಿಯ ಮೂಲೆಯಲ್ಲಿ ಸುಮ್ಮನೆ ಕೂತ ಕೂಸನ್ನು ಕಂಡರೆ, ಅದರ ತಂದೆತಾಯಿಗಳಿಗೆ ಈ ಚರಿತ್ರೆಯನ್ನು ಓದಿ ಹೇಳಿರಿ. ಓದಿ ಸುಮ್ಮನಿರದೆ, ಬಸ್ಸು ಹತ್ತುವ ವರೆಗೂ ಅವರ ಜೊತೆಯಲ್ಲಿ ಹೋಗಿರಿ.